ಎಡಮೂಲೆಯ ಮೇಷ್ಟ್ರು

ಕೋಲಾರ ಜಿಲ್ಲೆಯ ಪ್ರೌಢಶಾಲೆಗಳಿಗೆ ಆಗಸ್ಟ್ ಅಂದರೆ ಕಬಡ್ಡಿ ತಿಂಗಳು. ಹೋಬಳಿ ಮಟ್ಟದ ಕ್ರೀಡಾಕೂಟ ಮುಗಿಸಿಕೊಂಡು ತಾಲ್ಲೂಕು ಮಟ್ಟಕ್ಕೆ ಸಜ್ಜಾಗುವ ಹೊತ್ತು. ಶಾಲೆ ಮುಂದಿನ ಕೆಮ್ಮಣ್ಣಿನ ಮೇಲೆ ಸುಣ್ಣದ ಗೆರೆ ಬಿದ್ದಿರುತ್ತದೆ. ಮೊಣಕೈ ತರಚಿಕೊಂಡ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಿನ್ನೆ ಆಡಿದ ಆಟವನ್ನು ಮಾತಿನಲ್ಲೇ ಮತ್ತೊಮ್ಮೆ ಆಡುತ್ತಿರುತ್ತಾರೆ. ತಾಲ್ಲೂಕು ಗೆದ್ದರೆ ಜಿಲ್ಲೆ, ಜಿಲ್ಲೆ ಗೆದ್ದರೆ ಬೆಂಗಳೂರು ವಿಭಾಗ, ಅದನ್ನೂ ದಾಟಿದರೆ ರಾಜ್ಯ. ಮಕ್ಕಳನ್ನು ಈ ದಾರಿಗೆ ಹಚ್ಚುವವರು ಪಿ.ಟಿ. ಮೇಷ್ಟ್ರು. ಸರ್ಕಾರಿ ಕಾಗದದಲ್ಲಿ ಅವರು ದೈಹಿಕ ಶಿಕ್ಷಕರು, ಮಕ್ಕಳ ಬಾಯಲ್ಲಿ ಪಿ.ಟಿ. ಸಾರ್.

ಅವರಲ್ಲೂ ಒಂದು ಬಗೆಯವರ ಬಗ್ಗೆ ನನಗೆ ಬಹಳ ದಿನದಿಂದ ಕುತೂಹಲವಿತ್ತು. ಕಾಲೇಜು ತಂಡದಲ್ಲಿ ರೈಡರ್ ಆಗಿ ಚಪ್ಪಾಳೆ ಗಿಟ್ಟಿಸಿದವರಲ್ಲ ಇವರು. ಮೂಲೆಯಲ್ಲಿ ನಿಂತು ಹಿಡಿಯುವ ಕೆಲಸ ಮಾಡಿದವರು, ಆಮೇಲೆ ಬಿ.ಪಿ.ಎಡ್. ಮುಗಿಸಿ ಹಳ್ಳಿ ಪ್ರೌಢಶಾಲೆಗೆ ಬಂದವರು. ಅಂಥವರನ್ನು ಹುಡುಕಿಕೊಂಡು ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಮೈದಾನಗಳನ್ನು ಸುತ್ತಿ ಬಂದೆ.

ಮಾಲೂರಿಗೆ ಬೆಂಗಳೂರಿನಿಂದ ರೈಲಿನಲ್ಲಿ ಹೋಗುವುದೇ ಸಲೀಸು. ಮಾಸ್ತಿಯವರ ತಾಲ್ಲೂಕು ಇದು. ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಬೆಳಗಿನ ಹೊತ್ತು ಇಲ್ಲಿನ ಹೋಂಡಾ ಕ್ರೀಡಾಂಗಣಕ್ಕೆ ಹೋದರೆ ಊರಿನ ಅರ್ಧ ಯುವಕರು ಅಲ್ಲೇ ಸಿಗುತ್ತಾರೆ. ಒಂದು ಗುಂಪು ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯ 1600 ಮೀಟರ್ ಓಟಕ್ಕೆ ಕೈಯಲ್ಲಿ ಮೊಬೈಲ್ ಹಿಡಿದು ಸಮಯ ನೋಡಿಕೊಳ್ಳುತ್ತಿತ್ತು. ಇನ್ನೊಂದು ಗುಂಪು ಉದ್ದ ಜಿಗಿತದ ಮರಳು ಕೆದಕುತ್ತಿತ್ತು. ಕಬಡ್ಡಿ ಹುಡುಗರು ಒಂದು ಅಂಚಿನಲ್ಲಿದ್ದರು. ಅವರಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ದೊಡ್ಡ ಹುಡುಗನೇ ಚಿಕ್ಕವರಿಗೆ ಹೇಳುತ್ತಿದ್ದ. ರೈಡಿಂಗ್ ಎಲ್ಲರಿಗೂ ಬೇಕಿತ್ತು, ಸರದಿಗಾಗಿ ಜಗಳವೂ ಆಯಿತು. ಹಿಡಿಯಲು ನಿಲ್ಲುವವರು ಮಾತ್ರ ಬೇರೆ ದಾರಿಯಿಲ್ಲದೆ ನಿಂತಂತೆ ಕಂಡರು. ಜಿಲ್ಲೆಯ ಉಳಿದ ಮೈದಾನಗಳಲ್ಲಿ ಏನು ಹುಡುಕಬೇಕೆಂಬುದು ನನಗೆ ಅಲ್ಲೇ ಗೊತ್ತಾಯಿತು.

ಕೋಲಾರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣವಿದೆ. ಊರಿನ ಬೆನ್ನಿಗೆ ಅಂತರಗಂಗೆಯ ಬೆಟ್ಟ, ಬಂಡೆ ಮೇಲೆ ಬಂಡೆ. ಜಿಲ್ಲಾ ಮಟ್ಟದ ಆಟಗಳಿಗೆ ನಾಲ್ಕೂ ಕಡೆಯ ಮಕ್ಕಳು ಬಂದಿಳಿಯುವುದು ಈ ಊರಿಗೇ. ಒಂದು ಕಾಲಕ್ಕೆ ಇಲ್ಲಿನ ಕಾಲೇಜು ತಂಡಗಳು ಬೆಂಗಳೂರು ವಿಶ್ವವಿದ್ಯಾಲಯದ ಅಂತರಕಾಲೇಜು ಕಬಡ್ಡಿಗೆ ಹೋಗುತ್ತಿದ್ದವು. 2017ರಿಂದೀಚೆಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕದಲ್ಲೇ ಇರುವುದರಿಂದ ಈಗ ಆ ಆಟವೂ ಮನೆ ಬಾಗಿಲಿಗೆ ಬಂದಿದೆ.

ಕಬಡ್ಡಿಯನ್ನು ಟಿ.ವಿ.ಯಲ್ಲಿ ನೋಡುವವರಿಗೆ ರೈಡರ್ ಕಾಣುತ್ತಾನೆ. ಕ್ಯಾಮೆರಾ ಅವನ ಹಿಂದೆಯೇ ಹೋಗುತ್ತದೆ. ಅಂಕಣದ ಪಕ್ಕ ನೆಲದ ಮೇಲೆ ಕೂತು ನೋಡಿದರೆ ಉಳಿದ ಏಳು ಮಂದಿ ಕಾಣುತ್ತಾರೆ. ಎರಡು ತುದಿಗೆ ಇಬ್ಬರು ಕಾರ್ನರ್, ಅವರ ಒಳಬದಿಗೆ ಇಬ್ಬರು ಇನ್, ಆಮೇಲೆ ಇಬ್ಬರು ಕವರ್, ನಡುವೆ ಸೆಂಟರ್. ರೈಡರ್ ನಡುಗೆರೆಯಿಂದ 3.75 ಮೀಟರ್ ಆಚೆಯ ಬಾಕ್ ಲೈನ್ ದಾಟಿ ಬರಬೇಕು, ಇಲ್ಲವೇ ಯಾರನ್ನಾದರೂ ತಾಕಬೇಕು. ಅವನಿಗಿರುವುದು 30 ಸೆಕೆಂಡು. ಬಾಕ್ ಲೈನಿನಿಂದ ಇನ್ನೊಂದು ಮೀಟರ್ ಹಿಂದೆ ಬೋನಸ್ ಗೆರೆ. ಹಿಡಿಯುವ ತಂಡದಲ್ಲಿ ಆರು ಮಂದಿಯಾದರೂ ಉಳಿದಿದ್ದಾಗ, ಒಂದು ಕಾಲು ಆ ಗೆರೆ ದಾಟಿ ಊರಿ, ಇನ್ನೊಂದು ಕಾಲು ಗಾಳಿಯಲ್ಲಿದ್ದರೆ ರೈಡರ್‌ಗೆ ಒಂದು ಅಂಕ. ಮೂಲೆಯವನು ಕಾಯುತ್ತಿರುವುದು ಇದೇ ಗಳಿಗೆಯನ್ನು. ರೈಡರ್ ಒಂಟಿ ಕಾಲಿನ ಮೇಲಿದ್ದಾನೆ, ಮೈಭಾರ ಮುಂದಕ್ಕೆ ವಾಲಿದೆ. ಕಾರ್ನರ್ ಬಗ್ಗಿ ಆ ಕಣಕಾಲಿಗೆ ಎರಡೂ ಕೈ ಹಾಕಿದನೆಂದರೆ ಆಟ ತಿರುಗಿತು. ತಪ್ಪಿದನೆಂದರೆ ತಾನೇ ಔಟು, ಬೆಂಚಿಗೆ ಹೋಗಬೇಕು. ಅದರ ಮೇಲೆ ಜನರ ಬೈಗುಳ.

ಹಿಡಿದಾಗಲೂ ಜನ ಅವನ ಹೆಸರು ಕೂಗುವುದು ಕಡಿಮೆ. ಅಷ್ಟರಲ್ಲಿ ಇನ್, ಕವರ್ ಎಲ್ಲರೂ ರೈಡರ್ ಮೇಲೆ ಬಿದ್ದು, ಮೊದಲು ಕೈ ಹಾಕಿದವನು ಯಾರೆಂದೇ ಕಾಣುವುದಿಲ್ಲ.

ಸಾಲಿನಲ್ಲಿ ನಿಂತು ತಡೆಯುವವನಿಗೆ ಹೆಸರು ಬಾರದಿರುವುದು ನಮ್ಮ ಕಬಡ್ಡಿಯಲ್ಲಿ ಮಾತ್ರವಲ್ಲ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ, ಕಾಲಿಗಿಂತ ಕೈ ಹೆಚ್ಚು ಬಳಸುವ ಆ ಒರಟು ಆಟ, ಇದರಲ್ಲಿ ಇನ್ನೂ ಮುಂದೆ ಹೋಗಿದೆ. ಹನ್ನೊಂದು ಮಂದಿಯಲ್ಲಿ ಐವರು ಚೆಂಡಿನ ಸಾಲಿನಲ್ಲೇ ಬಗ್ಗಿ ನಿಂತು ಎದುರಿನವರನ್ನು ತಳ್ಳಿ ತಡೆಯುತ್ತಾರೆ. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯಲು ನಿಯಮವೇ ಅವರಿಗೆ ಅವಕಾಶ ಕೊಡುವುದಿಲ್ಲ. ಅವರನ್ನು ಲೈನ್‌ಮನ್ ಎನ್ನುತ್ತಾರೆ. ವಿನ್ಸ್ ಲೊಂಬಾರ್ಡಿ ಅಂಥವರಲ್ಲೊಬ್ಬ. 1913ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ, ಫೋರ್ಡಂ ವಿಶ್ವವಿದ್ಯಾಲಯದ ತಂಡದಲ್ಲಿ ಗಾರ್ಡ್ ಜಾಗದಲ್ಲಿ ಆಡಿದ. ಆ ಜಾಗಕ್ಕೆ ಮೈಕಟ್ಟು ಸಣ್ಣದು. 1936ರ ಆ ತಂಡದಲ್ಲಿ ತುದಿಯ ಇಬ್ಬರೂ ಸೇರಿ ಸಾಲಿನಲ್ಲಿ ನಿಲ್ಲುತ್ತಿದ್ದವರು ಏಳು ಮಂದಿ. ಅವರನ್ನು ಏಳು ಕಗ್ಗಲ್ಲುಗಳು ಎಂದು ಪತ್ರಿಕೆಗಳು ಬರೆದವು. ಕಾಲೇಜು ಮುಗಿದ ಮೇಲೆ ಅವನಿಗೆ ದೊಡ್ಡ ತಂಡವೇನೂ ಸಿಗಲಿಲ್ಲ. 1939ರಲ್ಲಿ ನ್ಯೂಜೆರ್ಸಿಯ ಸೇಂಟ್ ಸಿಸಿಲಿಯಾ ಎಂಬ ಹೈಸ್ಕೂಲು ಸೇರಿ ತರಗತಿಯಲ್ಲಿ ಲ್ಯಾಟಿನ್, ಭೌತಶಾಸ್ತ್ರ, ರಸಾಯನಶಾಸ್ತ್ರ ಹೇಳಿದ, ಸಂಜೆ ಮೈದಾನದಲ್ಲಿ ಆಟ ಕಲಿಸಿದ. ಅಲ್ಲೇ ಎಂಟು ವರ್ಷ ಇದ್ದ. ಆಮೇಲೆ 1959ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಎಂಬ ವೃತ್ತಿಪರ ತಂಡದ ಹೊಣೆ ಹೊತ್ತು, ಆ ಆಟದ ಅತಿ ದೊಡ್ಡ ಫೈನಲ್ ಆದ ಸೂಪರ್ ಬೌಲನ್ನು ಮೊದಲ ಎರಡು ಸಲವೂ ಗೆಲ್ಲಿಸಿಕೊಟ್ಟ. ಅವನು ತೀರಿಕೊಂಡದ್ದು 1970ರಲ್ಲಿ. ಇವತ್ತಿಗೂ ಸೂಪರ್ ಬೌಲ್ ಗೆದ್ದವರು ಎತ್ತಿ ಹಿಡಿಯುವ ಟ್ರೋಫಿಗೆ ಅವನದೇ ಹೆಸರು. ಆ ಹೆಸರಿನ ಹಿಂದೆ ಒಂದು ಹೈಸ್ಕೂಲಿನ ಎಂಟು ವರ್ಷಗಳಿವೆ ಎನ್ನುವುದು ನನಗೆ ಟ್ರೋಫಿಗಿಂತ ದೊಡ್ಡ ವಿಷಯ.

ನಮ್ಮಲ್ಲೂ ಆಡಿದವರು ಕಲಿಸುವವರಾಗಿ ಗೆದ್ದದ್ದಿದೆ. 2001ರ ಅರ್ಜುನ ಪ್ರಶಸ್ತಿ ಪಡೆದ ಕರ್ನಾಟಕದ ಬಿ.ಸಿ. ರಮೇಶ್ ಮುಂದೆ ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಪಟ್ಟ ಗೆಲ್ಲಿಸಿಕೊಟ್ಟರು. ಅದು ಬೆಳಕಿನಡಿಯ ಲೋಕ. ನಾನು ಹೊರಟಿದ್ದದ್ದು ಬೀದಿ ದೀಪವೂ ಸರಿಯಾಗಿಲ್ಲದ ಮೈದಾನಕ್ಕೆ.

ಕೋಲಾರದಿಂದ ಮುಳಬಾಗಿಲಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಮುಂದೆ ನಂಗಲಿ ದಾಟಿ ಆಂಧ್ರಕ್ಕೆ ಇಳಿಯುತ್ತದೆ. ಟೊಮೆಟೊ ಬಾಕ್ಸು ಹೊತ್ತ ಟೆಂಪೋಗಳು ಕೋಲಾರದ ಎ.ಪಿ.ಎಂ.ಸಿ. ಕಡೆಗೆ ಎದುರಾಗುತ್ತಲೇ ಇದ್ದವು. ಹೆದ್ದಾರಿ ಬಿಟ್ಟು ಒಳರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಹಿಪ್ಪುನೇರಳೆ ತೋಟ, ರಾಗಿ ಹೊಲ, ಹಾಲಿನ ಡೇರಿ, ಅದರ ಪಕ್ಕ ಸರ್ಕಾರಿ ಪ್ರೌಢಶಾಲೆ. ಕಾಂಪೌಂಡು ಮೂರು ಕಡೆ ಇದೆ, ನಾಲ್ಕನೇ ಕಡೆ ಹೊಂಗೆ ಮರಗಳ ಸಾಲು. ಮರದಡಿ ಕಲ್ಲಿನ ಗುಡ್ಡೆಯೊಂದಿತ್ತು. ಅಭ್ಯಾಸಕ್ಕೆ ಬರುವ ಪ್ರತಿ ಹುಡುಗನೂ ಮೊದಲು ಅಂಕಣದಲ್ಲಿ ಬಗ್ಗಿ ಮುಷ್ಟಿ ತುಂಬ ನೊರಜುಗಲ್ಲು ಆರಿಸಿ ಆ ಗುಡ್ಡೆಗೆ ಹಾಕಬೇಕು. ಮಳೆ ಬಂದಾಗಲೆಲ್ಲ ನೆಲ ಹೊಸ ಕಲ್ಲು ಮೇಲಕ್ಕೆ ಹಾಕುತ್ತದೆ. ಗುಡ್ಡೆ ಮಕ್ಕಳ ಮೊಣಕಾಲಿನಷ್ಟು ಎತ್ತರ ಬೆಳೆದಿತ್ತು.

ಇಲ್ಲಿನ ಮೇಷ್ಟ್ರು ಕಾಲೇಜು ತಂಡದಲ್ಲಿ ಲೆಫ್ಟ್ ಕಾರ್ನರ್. ನಲವತ್ತು ದಾಟಿದ ವಯಸ್ಸು, ಕುಳ್ಳು, ಅಗಲ ಭುಜ. ಎಡಗೈ ಕಿರುಬೆರಳು ನೆಟ್ಟಗಾಗುವುದಿಲ್ಲ. ಹೆಸರು ಬರೆಯುವುದು ಬೇಡ ಎಂದರು. ಅವರ ಮಾತಿನ ಮೇಲೆ ಊರಿನ ಹೆಸರನ್ನೂ ಬಿಟ್ಟಿದ್ದೇನೆ.

"ನಮ್ಮ ಮನೇಲಿ ರೇಷ್ಮೆ ಹುಳ, ಎರಡು ಸೀಮೆ ಹಸು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಸೊಪ್ಪು ಕೊಯ್ದು, ಆಮೇಲೆ ಬಸ್ಸು ಹಿಡ್ದು ಕೋಲಾರಕ್ಕೆ ಹೋಗ್ತಿದ್ದೆ ಸಾರ್. ರೈಡರ್ ಆಗೋಕೆ ಬೇಕಾದ ಓಟ ನನಗಿರಲಿಲ್ಲ. ಕೈ ಮಾತ್ರ ಗಟ್ಟಿ ಇತ್ತು. ನಮ್ಮ ಕೋಚು ನೋಡಿ, ನೀನು ಮೂಲೆಗೆ ನಿಲ್ಲು ಅಂದ್ರು. ಅಲ್ಲಿಂದ ಈಚೆಗೆ ಬರಲೇ ಇಲ್ಲ," ಎಂದರು. ಬಿ.ಪಿ.ಎಡ್. ಮುಗಿಸಿ ಕೆಲವು ವರ್ಷ ಖಾಸಗಿ ಶಾಲೆಯೊಂದರಲ್ಲಿ ಕಡಿಮೆ ಸಂಬಳಕ್ಕೆ ದುಡಿದು, ಆಮೇಲೆ ಸರ್ಕಾರಿ ನೌಕರಿಗೆ ಬಂದವರು.

ಅಭ್ಯಾಸ ಶುರುವಾಯಿತು. ಹುರಿ ಎಳೆದು, ಗೂಟ ಹೊಡೆದು, ಸುಣ್ಣ ಚೆಲ್ಲಿದ ಅಂಕಣ. ಗಂಡಸರ ಪೂರ್ಣ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದ್ದು 12ಕ್ಕೆ 8. ಎರಡಕ್ಕೂ ಇಲ್ಲಿರುವುದು ಒಂದೇ ನೆಲ, ಸಂಜೆಗೆ ಗೆರೆ ಬದಲಾಗುತ್ತದೆ. ಬಿಂದಿಗೆಗಳಲ್ಲಿ ನೀರು ತಂದು ಎರಚಿ ಧೂಳು ಕೂರಿಸಿದರು. ಮೂಲೆಗಳಿಗೆ ಗುರುತಾಗಿ ನಾಲ್ಕು ಖಾಲಿ ಟೊಮೆಟೊ ಬಾಕ್ಸು.

ಮೇಷ್ಟ್ರು ರೈಡಿಂಗ್ ಕಲಿಸಲೇ ಇಲ್ಲ. ಮೊದಲ ಅರ್ಧ ಗಂಟೆ ಬರೀ ಕಾಲು. ಒಬ್ಬ ಹುಡುಗ ನಿಧಾನವಾಗಿ ನಡೆದು ಬರಬೇಕು, ಇನ್ನೊಬ್ಬ ಮೂಲೆಯಲ್ಲಿ ಮಂಡಿ ಬಗ್ಗಿಸಿ ನಿಂತು ಅವನ ಹಿಮ್ಮಡಿಯನ್ನು ನೋಡುತ್ತಿರಬೇಕು. ಹಿಡಿಯುವ ಹಾಗಿಲ್ಲ. ಹಿಮ್ಮಡಿ ನೆಲ ಬಿಟ್ಟ ತಕ್ಷಣ "ಎತ್ತಿದ" ಎಂದು ಹೇಳಬೇಕು, ಅಷ್ಟೆ. ಎಂಟನೇ ತರಗತಿಯ ಹುಡುಗನೊಬ್ಬ ಎದುರಿನವನ ಮುಖವನ್ನೇ ನೋಡುತ್ತಿದ್ದ. ಮೇಷ್ಟ್ರು ಹಿಂದಿನಿಂದ ಹೋಗಿ ಅವನ ಗಲ್ಲ ಕೆಳಕ್ಕೆ ಒತ್ತಿದರು.

"ಮುಖ ನೋಡ್ಬೇಡ್ವೋ. ಮುಖ ಸುಳ್ಳು ಹೇಳ್ತದೆ. ಹಿಮ್ಮಡಿ ಹೇಳಲ್ಲ."

ಆಮೇಲೆ ಹಿಡಿತ. ಎರಡೂ ಅಂಗೈ ಕಣಕಾಲಿನ ಹಿಂದೆ ಕೂಡಬೇಕು, ಹೆಬ್ಬೆರಳು ಹೊರಗೆ ಚಾಚಿಕೊಂಡಿರಬಾರದು. ತಲೆ ಕಾಲಿನ ಹೊರಬದಿಗೆ ಇರಬೇಕು. ಒಳಬದಿಗೆ ಇಟ್ಟರೆ ರೈಡರ್‌ನ ಇನ್ನೊಂದು ಮಂಡಿ ಸೀದಾ ಕೆನ್ನೆಗೆ ಬಡಿಯುತ್ತದೆ. ಭುಜ ಅವನ ಮೀನಖಂಡಕ್ಕೆ ಒರಗಬೇಕು. ಎಳೆಯುವುದು ಹಿಂದಕ್ಕಲ್ಲ, ತನ್ನ ಎದೆಗೆ, ಜೊತೆಗೇ ಸ್ವಲ್ಪ ಮೇಲಕ್ಕೆ. ಮೇಷ್ಟ್ರು ನೆಲಕ್ಕೆ ಕೂತು ತಾವೇ ತೋರಿಸಿದರು. ಅವರ ಕೈ ಹುಡುಗನ ಕಾಲಿಗೆ ಬಿದ್ದದ್ದು ನನಗೆ ಕಾಣಲಿಲ್ಲ, ಹುಡುಗ ಒಂಟಿ ಕಾಲಲ್ಲಿ ಕುಂಟುತ್ತಿದ್ದದ್ದು ಮಾತ್ರ ಕಂಡಿತು. ಕೆಳಗೆ ಬೀಳಿಸಲಿಲ್ಲ. ಇನ್ನೊಂದು ಕೈಯಿಂದ ಅವನ ಸೊಂಟ ಹಿಡಿದು ನಿಲ್ಲಿಸಿದರು.

ಸರಪಳಿಯದು ಇನ್ನೊಂದು ಪಾಠ. ಕಾರ್ನರ್, ಇನ್ ಇಬ್ಬರೂ ಕೈ ಹಿಡಿದು ಹಿಂದೆ ಮುಂದೆ ಸರಿಯುತ್ತಿರಬೇಕು. ಬೆರಳೊಳಗೆ ಬೆರಳು ಹೆಣೆಯಬಾರದು, ರೈಡರ್ ನಡುವೆ ನುಗ್ಗಿದರೆ ಬೆರಳು ಮುರಿಯುತ್ತದೆ. ಅಂಗೈಗೆ ಅಂಗೈ ಕೊಕ್ಕೆಯ ಹಾಗೆ ಸಿಕ್ಕಿಸಿಕೊಳ್ಳಬೇಕು. ಹಾಗೆ ಹೇಳುವಾಗ ಮೇಷ್ಟ್ರು ತಮ್ಮ ಡೊಂಕು ಕಿರುಬೆರಳನ್ನು ಮಕ್ಕಳ ಮುಂದೆ ಹಿಡಿದರು. ಬೇರೆ ವಿವರಣೆ ಬೇಕಾಗಲಿಲ್ಲ.

ಕೊನೆಗೆ ಆಟ ಬಿಟ್ಟಾಗ ಮೈದಾನಕ್ಕೆ ಜೀವ ಬಂತು. ಈ ಗಡಿಯ ಮಕ್ಕಳ ಬಾಯಲ್ಲಿ ಕನ್ನಡ, ತೆಲುಗು ಎರಡೂ ಸರಾಗ. ಪಾಠ ಕೇಳುವಾಗ ಕನ್ನಡ, ಹಿಡಿಯುವ ಆವೇಶದಲ್ಲಿ "ಪಟ್ಟುಕೋರಾ, ಪಟ್ಟುಕೋ!" ಒಬ್ಬ ಒಳ್ಳೆಯ ಮೈಕಟ್ಟಿನ ಹುಡುಗ ರೈಡರ್ ಮೇಲೆ ಒಬ್ಬನೇ ಎಗರಿ, ತೊಡೆ ಹಿಡಿದು ಕೆಡವಿಯೇ ಬಿಟ್ಟ. ಸುತ್ತ ನಿಂತವರು ಕೇಕೆ ಹಾಕಿದರು. ಮೇಷ್ಟ್ರು ಸೀಟಿ ಊದಿ ಆಟ ನಿಲ್ಲಿಸಿದರು.

"ಹಿಡ್ದೆ, ಸರಿ. ಹಿಡಿಯೋಕೆ ಮುಂಚೆ ಹಿಂದೆ ಯಾರಿದ್ರು ಅಂತ ನೋಡ್ದಾ?"

"ಇಲ್ಲ ಸಾ."

"ಅವನು ನಿನ್ನ ಎಳ್ಕೊಂಡು ಗೆರೆ ಮುಟ್ಟಿದ್ರೆ?"

ಹುಡುಗ ಸುಮ್ಮನಿದ್ದ. ಅದೇ ರೈಡು ಮತ್ತೆ ಆಡಿಸಿದರು. ಈ ಸಲ ಕಾರ್ನರ್ ಕೈ ಹಾಕುವ ಮುಂಚೆ ಇನ್‌ನವನು ಅರ್ಧ ಹೆಜ್ಜೆ ಮುಂದಿದ್ದ, ಕವರ್ ನಡುಗೆರೆಯ ದಾರಿ ಮುಚ್ಚಿದ್ದ. ರೈಡರ್ ಹೋಗಲು ದಾರಿಯೇ ಇರಲಿಲ್ಲ. ಕೇಕೆಯೂ ಬೀಳಲಿಲ್ಲ. ಮೇಷ್ಟ್ರು ಚಪ್ಪಾಳೆ ತಟ್ಟಿದ್ದು ಆಗ, ಅದೂ ಕಾರ್ನರ್‌ಗಲ್ಲ, ಕವರ್‌ನಲ್ಲಿದ್ದ ಸಣ್ಣ ಹುಡುಗನಿಗೆ.

ರೈಡರ್‌ಗಳನ್ನೂ ನೀವೇ ತಯಾರು ಮಾಡುತ್ತೀರಾ ಎಂದು ಕೇಳಿದೆ. "ರೈಡರ್ ತಾನೇ ಹುಟ್ತಾನೆ ಸಾರ್, ಊರಲ್ಲಿ ಬೇಕಾದಷ್ಟು ಜನ ಓಡೋರಿದ್ದಾರೆ. ಹಿಡಿಯೋನನ್ನ ಕೂರಿಸಿ ಕಲಿಸ್ಬೇಕು. ರೈಡರ್‌ಗೆ ಅವನ ಆಟ ಗೊತ್ತಿದ್ರೆ ಸಾಕು. ಮೂಲೇಲಿ ನಿಂತೋನಿಗೆ ಏಳು ಜನರ ಆಟಾನೂ ಗೊತ್ತಿರಬೇಕು." ಮೂಲೆಯಲ್ಲಿ ನಿಂತರೆ ಇಡೀ ಅಂಕಣ ಕಣ್ಣಿಗೆ ಬೀಳುತ್ತದೆ ಎನ್ನುವುದು ನಿಜ. ಕಾಲೇಜಿನಲ್ಲಿ ಎಡಮೂಲೆ ಕಾದವರು ಒಳ್ಳೆಯ ಮೇಷ್ಟ್ರಾಗುವುದಕ್ಕೆ ಇದೇ ಕಾರಣವೆಂದು ನನ್ನ ನಂಬಿಕೆ. ತಮ್ಮ ಆಟ ಹೇಗೆ ಕಂಡಿತು ಎಂಬ ಯೋಚನೆಯೇ ಇಲ್ಲದೆ ಇತರರ ಆಟ ನೋಡಿ ಬೆಳೆದವರು ಇವರು. ತರಗತಿಯಲ್ಲಿ ಕೊನೇ ಬೆಂಚಿನ ಮಗು ಇವರ ಕಣ್ಣಿಗೆ ಮೊದಲು ಬೀಳುತ್ತದೆ.

ಐದು ಗಂಟೆಗೆ ಮುಂಚೆ ಹೆಣ್ಣುಮಕ್ಕಳ ಸರದಿ. ಪಕ್ಕದ ಹಳ್ಳಿಗಳಿಗೆ ಹೋಗುವ ಬಸ್ಸು ಐದೂವರೆಗೆ ಬರುತ್ತದೆ, ಅದು ತಪ್ಪಿದರೆ ಮನೆಯಲ್ಲಿ ಆಟವೇ ನಿಲ್ಲುತ್ತದೆ. ಹಾಗಾಗಿ ಮೇಷ್ಟ್ರು ಹುಡುಗರನ್ನು ಅರ್ಧಕ್ಕೆ ಏಳಿಸಿ ಅಂಕಣ ಬಿಟ್ಟುಕೊಡುತ್ತಾರೆ. ಹುಡುಗಿಯರು ಟ್ರ್ಯಾಕ್‌ಪ್ಯಾಂಟಿನ ಮೇಲೆ ಶಾಲೆಯ ಟೀ ಶರ್ಟು ಹಾಕಿ, ಜಡೆ ಬಿಗಿಯಾಗಿ ಸುತ್ತಿಕೊಂಡು ಬಂದರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕವರ್‌ನಲ್ಲಿ ನಿಂತಿದ್ದಳು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬರುವ ಕೈ ಅದು. ಅವಳು ಭುಜ ಕೊಟ್ಟು ಡ್ಯಾಶ್ ಹೊಡೆದರೆ ಹಿರಿಯ ಹುಡುಗಿಯರೂ ಅಂಕಣದ ಅಂಚಿನ ಲಾಬಿ ದಾಟಿ ಹೊರಗೆ ಬೀಳುತ್ತಿದ್ದರು. ಕಾರ್ಕಳದ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದದ್ದು ಆ ಮಕ್ಕಳಿಗೆ ಗೊತ್ತು. ಮೇಷ್ಟ್ರು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದ್ದಾರೆ.

ಮಕ್ಕಳು ಅಭ್ಯಾಸ ತಪ್ಪಿಸುವುದಕ್ಕೆ ಕಾರಣ ಸೋಮಾರಿತನವಲ್ಲ. ರೇಷ್ಮೆ ಹುಳ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದರೆ ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ, ಮನೆಯವರೆಲ್ಲ ಸೊಪ್ಪು ಕೊಯ್ಯಬೇಕು. ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಮಕ್ಕಳು ಶಾಲೆಗೇ ಬರುವುದಿಲ್ಲ. ಟೊಮೆಟೊ ಕೀಳುವ ದಿನವೂ ಹಾಗೇ. ಈ ಮೇಷ್ಟ್ರು ಅದನ್ನು ಬೈಯುವುದಿಲ್ಲ. ಯಾರ ಮನೆಯಲ್ಲಿ ಹುಳ ಯಾವ ಹಂತದಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ, ತಂಡವನ್ನು ಅದಕ್ಕೆ ತಕ್ಕ ಹಾಗೆ ಹೊಂದಿಸುತ್ತಾರೆ. ತಾವು ಬಂದದ್ದೂ ಅದೇ ಮನೆಯಿಂದ ತಾನೆ.

ತಾಲ್ಲೂಕು ಮಟ್ಟದ ಪಂದ್ಯ ಮುಳಬಾಗಿಲಿನ ನೇತಾಜಿ ಕ್ರೀಡಾಂಗಣದಲ್ಲಿ. ಡಿ.ವಿ.ಜಿ. ಹುಟ್ಟಿದ ಊರು, ಆಂಜನೇಯನ ಗುಡಿಯ ಊರು. ಮೈದಾನದ ಸುತ್ತ ಬೆಳಿಗ್ಗೆಯಿಂದಲೇ ಮಕ್ಕಳ ಸಂತೆ. ಒಂದೊಂದು ಶಾಲೆಗೆ ಒಂದೊಂದು ಬಣ್ಣದ ಟೀ ಶರ್ಟು, ಕೆಲವು ಶಾಲೆಗಳಿಗೆ ಅದೂ ಇಲ್ಲ. ಸಮವಸ್ತ್ರದ ಮೇಲೆಯೇ ಸೀಮೆಸುಣ್ಣದಲ್ಲಿ ನಂಬರು. ತೂಕದ ಯಂತ್ರದ ಮುಂದೆ ಸಾಲು, ಮಿತಿಗಿಂತ ತುಸು ಹೆಚ್ಚಿದ್ದವನು ಬೆವರು ಹರಿಸಲು ಟ್ರ್ಯಾಕ್ ಸುತ್ತ ಓಡುತ್ತಿದ್ದ. ನಮ್ಮ ಮೇಷ್ಟ್ರ ತಂಡ ಸೆಮಿಫೈನಲ್‌ವರೆಗೆ ಬಂತು. ಅಲ್ಲಿ ಮೂವರೇ ಉಳಿದಿದ್ದಾಗ ಎದುರಾಳಿಯ ಒಳ್ಳೆಯ ರೈಡರ್ ಒಬ್ಬ ಬಂದ. ಮೂರು ಅಥವಾ ಅದಕ್ಕಿಂತ ಕಡಿಮೆ ಮಂದಿ ಇದ್ದಾಗ ಹಿಡಿದರೆ ಅದು ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚು. ಎಡಮೂಲೆಯ ಹುಡುಗ ಕಾದ. ರೈಡರ್ ಮುಖದಲ್ಲಿ ಬಲಕ್ಕೆ ಹೋಗುವ ಆಸೆ ತೋರಿಸಿದ. ಹುಡುಗ ನೋಡಲಿಲ್ಲ. ಹಿಮ್ಮಡಿ ಎದ್ದಿತು, ಕೈ ಬಿತ್ತು. ಉಳಿದಿಬ್ಬರೂ ಬಂದು ಸೇರಿಕೊಂಡರು. ಆಮೇಲೆ ಆ ತಂಡ ನಾಲ್ಕು ಅಂಕಗಳಿಂದ ಸೋತಿತು, ಅದು ಬೇರೆ. ಆ ಹಿಡಿತ ಮಾತ್ರ ಪಾಠಕ್ಕೆ ಒಂದಿಷ್ಟೂ ತಪ್ಪಿರಲಿಲ್ಲ.

ಶ್ರೀನಿವಾಸಪುರ ಮಾವಿನ ಸೀಮೆ. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಇಲ್ಲಿ ಕೊಯ್ಲಿನ ಭರಾಟೆ, ಹಾಗಾಗಿ ಅಭ್ಯಾಸ ಶುರುವಾಗುವುದೇ ತಡ. ಬಂಗಾರಪೇಟೆಯಿಂದ ಕೋಲಾರದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಮಾರ್ಗ ಈ ಊರನ್ನು ಹಾದು ಹೋಗುತ್ತದೆ. ಇಲ್ಲಿನ ಶಾಲೆಯೊಂದರಲ್ಲಿ ಯುವ ಮೇಷ್ಟ್ರೊಬ್ಬರು ಸಿಕ್ಕರು. ಮುಳಬಾಗಿಲಿನ ಆ ಎಡಮೂಲೆಯ ಮೇಷ್ಟ್ರ ಶಿಷ್ಯ ಇವರು, ಕಾಲೇಜಿನಲ್ಲಿ ರೈಟ್ ಕವರ್. ಅಭ್ಯಾಸದ ಮೊದಲ ಕೆಲಸವಾಗಿ ಇಲ್ಲಿಯೂ ಮಕ್ಕಳು ಕಲ್ಲು ಆರಿಸುತ್ತಿದ್ದರು. ಇವರ ನೇಮಕ ಕಾಯಂ ಅಲ್ಲ. ವರ್ಷದ ಮಧ್ಯೆ ಬಿಟ್ಟು ಹೋಗಬೇಕಾದರೆ ತಂಡದ ಗತಿಯೇನು ಎಂದು ಕೇಳಿದೆ. "ದೊಡ್ಡ ಹುಡುಗ್ರಿಗೆ ಹೇಳಿಕೊಟ್ಟಿದ್ದೀನಿ," ಎಂದರು.

ಇದೇ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಚಿನ್ನದ ಗಣಿ ಕಂಪನಿ ಇದ್ದ ಕಾಲಕ್ಕೆ ಫುಟ್‌ಬಾಲಿಗೆ, ಹಾಕಿಗೆ ಮೈದಾನವೂ ಇತ್ತು, ಆಸರೆಯೂ ಇತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಉಳಿದ ತಾಲ್ಲೂಕುಗಳಿಗೆ ಅಂಥ ಕಂಪನಿ ಯಾವತ್ತೂ ಇರಲಿಲ್ಲ. ಇಲ್ಲಿ ಆಟವೆಂದರೆ ಸರ್ಕಾರಿ ಶಾಲೆ, ಶಾಲೆಯಲ್ಲಿ ಆಟವೆಂದರೆ ಒಬ್ಬ ಪಿ.ಟಿ. ಮೇಷ್ಟ್ರು. ಆ ಹುದ್ದೆ ಖಾಲಿ ಬಿದ್ದ ಶಾಲೆಯಲ್ಲಿ ಆಟವೂ ಖಾಲಿ. ಹುದ್ದೆ ತುಂಬಿದ ಕಡೆಯೂ ಮೇಷ್ಟ್ರಿಗೆ ಬೆಳಿಗ್ಗೆ ಪ್ರಾರ್ಥನೆಯ ಸಾಲು, ಮಧ್ಯಾಹ್ನ ಬಿಸಿಯೂಟದ ಸಾಲು, ನಡುವೆ ಚುನಾವಣೆ, ಗಣತಿ. ಎಂಟರಿಂದ ಹತ್ತನೇ ತರಗತಿಯವರೆಗೆ ದೈಹಿಕ ಶಿಕ್ಷಣಕ್ಕೆ ಪಠ್ಯಪುಸ್ತಕವೇ ಇದೆ. ಆದರೂ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡ ಬಂದಾಗ ಮೊದಲು ಹೋಗುವುದು ಆಟದ ಪೀರಿಯಡ್ಡು. ಅದು ಗಣಿತದ ವಿಶೇಷ ತರಗತಿಯಾಗುತ್ತದೆ. ತಮ್ಮನ್ನೂ ಉಳಿದ ಶಿಕ್ಷಕರ ಸಮಕ್ಕೆ ಎಣಿಸಬೇಕು, ಅದಕ್ಕಾಗಿ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿ ಮಾಡಬೇಕು ಎಂದು ದೈಹಿಕ ಶಿಕ್ಷಕರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ನಾನು ಕಂಡದ್ದನ್ನು ಕಂಡ ಮೇಲೆ ಆ ಬೇಡಿಕೆ ನ್ಯಾಯವಾದದ್ದು ಎಂದೇ ಹೇಳುತ್ತೇನೆ. ಹನ್ನೆರಡು ವರ್ಷದ ಮಗುವಿಗೆ ತಲೆ ಎಲ್ಲಿಟ್ಟರೆ ಪೆಟ್ಟಾಗದು, ಬೆರಳು ಹೇಗೆ ಹಿಡಿದರೆ ಮುರಿಯದು ಎಂದು ಕಲಿಸುವುದು ಸಣ್ಣ ವಿದ್ಯೆಯಲ್ಲ. ಕಲಿಸುವವರಿಲ್ಲದೆ ಆಡಿದ ಕಬಡ್ಡಿ ಮೂಳೆ ಮುರಿಯುತ್ತದೆ.

ನಿಮ್ಮೂರ ಪ್ರೌಢಶಾಲೆಯಲ್ಲಿ ಓದಿದವರು ನೀವಾಗಿದ್ದರೆ, ಅಥವಾ ನಿಮ್ಮ ಮಗು ಅಲ್ಲಿ ಓದುತ್ತಿದ್ದರೆ, ಮುಂದಿನ ಎಸ್‌ಡಿಎಂಸಿ ಸಭೆಗೆ ತಪ್ಪದೆ ಹೋಗಿ. ವಾರಕ್ಕೆ ಆಟದ ಪೀರಿಯಡ್ ಎಷ್ಟು, ಅದರಲ್ಲಿ ಮಕ್ಕಳು ಮೈದಾನದಲ್ಲಿದ್ದದ್ದು ಎಷ್ಟು ಎಂದು ಕೇಳಿ. ಪಿ.ಟಿ. ಮೇಷ್ಟ್ರ ಹುದ್ದೆ ಖಾಲಿಯಿದ್ದರೆ ಬಿಇಒ ಕಚೇರಿಗೆ ಸಹಿ ಹಾಕಿದ ಅರ್ಜಿ ಕೊಡಿ, ಶಾಸಕರಿಗೂ ಒಂದು ಪ್ರತಿ ಕೊಡಿ. ಮೇಷ್ಟ್ರಿದ್ದು ಮ್ಯಾಟ್ ಇಲ್ಲದಿದ್ದರೆ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಮ್ಯಾಟ್ ಕೊಡಿಸಿ. ಅದೂ ಆಗದಿದ್ದರೆ ಒಂದು ಟ್ರ್ಯಾಕ್ಟರ್ ಲೋಡು ಕಲ್ಲಿಲ್ಲದ ಮಣ್ಣು ಹಾಕಿಸಿ.